ರೊಟ್ಟಿಗೆ ರೊಟ್ಟಿ ಅಂದರೆ ಸಾಕು: ಹುಬ್ಬಳ್ಳಿಯ ಒಂದು ಹೊಸ ಹೋಟೆಲ್ ಊಟ

ಹೋದ ಭಾನುವಾರ ಮನೆಮಂದಿಯೆಲ್ಲ ಸೇರಿ ಹುಬ್ಬಳ್ಳಿಯ ಒಂದು ಹೊಸ ಹೋಟೆಲ್‌ಗೆ ಊಟಕ್ಕೆ ಹೋಗಿದ್ದೆವು. ವಿದ್ಯಾನಗರದಿಂದ ಬಹಳ ದೂರ ಇಲ್ಲ. ಹೋಟೆಲ್ ಹೆಸರು ಬರೆಯುವುದಿಲ್ಲ. ಅಲ್ಲಿ ಅಡುಗೆ ಮಾಡುವವರ ಕೈ ತುಂಬಾ ಚೆನ್ನಾಗಿದೆ, ಅವರ ಹೊಟ್ಟೆ ಮೇಲೆ ಹೊಡೆಯುವುದು ನನಗೆ ಬೇಡ. ನನ್ನ ತಕರಾರು ಇರುವುದು ಮೆನು ಕಾರ್ಡ್ ಮೇಲೆ. ಊಟಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಮೆನುವಿಗೆ ಒಂದು. ಆ ಒಂದು ಯಾಕೆ ಅಂದರೆ, ಅದನ್ನು ಓದುತ್ತಾ ನಾವು ಐದು ಜನ ಅಷ್ಟು ನಕ್ಕಿದ್ದೇವೆ. ಅಪ್ಪ ಅಷ್ಟು ನಕ್ಕಿದ್ದನ್ನು ನಾನು ಎಷ್ಟೋ ದಿನಗಳ ಮೇಲೆ ನೋಡಿದೆ.

ಹೋದವರು ಯಾರು ಅಂದರೆ ಅಪ್ಪ, ಅವ್ವ, ಹಾವೇರಿಯಿಂದ ಬಂದಿದ್ದ ಚಿಗವ್ವ, ನಾನು, ನನ್ನ ಮಗಳು. ಅಪ್ಪ ಗದಗ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿ ರಿಟೈರ್ ಆದವರು. ಮಗಳು ಐದನೇ ಕ್ಲಾಸ್. ಕನ್ನಡ ಓದುವುದು ಅಂದರೆ ಅವಳಿಗೆ ಬಹಳ ಖುಷಿ, ರಸ್ತೆ ಮೇಲಿನ ಬೋರ್ಡ್ ಒಂದನ್ನೂ ಬಿಡುವುದಿಲ್ಲ.

ನಾವು ಕೂತ ಕೂಡಲೇ ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ ಇರಬಹುದು. ತಲೆಗೆ ಪೇಟ, ಕೈ ಮುಗಿದುಕೊಂಡು ನಿಂತು ಒಂದೇ ಉಸಿರಿಗೆ ಹೇಳಿದ: "ತಮ್ಮ ಆಗಮನದಿಂದ ನಮ್ಮ ಭೋಜನ ಮಂದಿರ ಪುನೀತವಾಯಿತು. ತಮ್ಮ ಅಭಿರುಚಿಯನ್ನು ನಿವೇದಿಸಿಕೊಳ್ಳಬಹುದೇ?"

ಅವ್ವ ಅವನ ಮುಖ ನೋಡಿದಳು. "ಏನಂದಿ ತಮ್ಮಾ?"

ಹುಡುಗ ಮತ್ತೆ ಅದನ್ನೇ ಹೇಳಿದ. ಈ ಸಲ "ನಿವೇದಿಸಿಕೊಳ್ಳಬಹುದೇ" ಹತ್ತಿರ ಸ್ವಲ್ಪ ತಡವರಿಸಿದ. ಪಾಪ, ಬಾಯಿಪಾಠ ಮಾಡಿಸಿದ್ದಾರೆ. ನಾನು "ಸ್ವಲ್ಪ ನೋಡಿ ಹೇಳ್ತೀವಿ" ಅಂದೆ, ಮೆನು ಮಗಳ ಕೈಗೆ ಕೊಟ್ಟೆ.

ಮೆನು ನೋಡಲು ಚೆಂದ ಇದೆ. ದಪ್ಪ ರಟ್ಟು, ಅಂಚಿನ ತುಂಬ ಕಸೂತಿಯ ಗೋಪುರ, ಆನೆ, ರಥ. ಆದರೆ ಒಳಗೆ ಇರುವುದು ಇದು. ಮಗಳು ಮೊದಲ ಸಾಲು ಜೋರಾಗಿ ಓದಿದಳು: "ಯಾವನಾಳ ರೋಟಿಕಾ."

"ಯಾವ ನಾಳಿ?" ಅಂದಳು ಅವ್ವ. "ನಾವು ಉಣ್ಣಾಕ ಬಂದಿದ್ದು ಇವತ್ತಲ್ಲಾ?"

ಅಪ್ಪನಿಗೆ ಅರ್ಥ ಆಗಿತ್ತು. ಸಂಸ್ಕೃತದಲ್ಲಿ ಜೋಳಕ್ಕೆ ಯಾವನಾಳ ಅನ್ನುತ್ತಾರೆ. ಅಂದರೆ ಜೋಳದ ರೊಟ್ಟಿ. ಅದರ ಕೆಳಗೆ "ಶುಷ್ಕ ಯಾವನಾಳ ರೋಟಿಕಾ". ಕಡಕ್ ರೊಟ್ಟಿ! ಹುಬ್ಬಳ್ಳಿಯಲ್ಲಿ ಕೂತು ಕಡಕ್ ರೊಟ್ಟಿ ಏನು ಅಂತ ಅಪ್ಪ ನಮಗೆ ಅರ್ಥ ಬಿಡಿಸಿ ಹೇಳಬೇಕಾಯಿತು.

ಮುಂದಿನದು "ತೈಲಪಕ್ವ ವಾರ್ತಾಕ". ಚಿಗವ್ವ ಕೇಳಿದಳು, "ವಾರ್ತಾ ಅಂದ್ರ ಸುದ್ದಿ ಅಲ್ಲೇನ್ರಿ ಮಾವಾರ? ಸುದ್ದೀನ ಎಣ್ಯಾಗ ಕರದಾರೇನ?" ಅಪ್ಪ ನಗುತ್ತಾ ನೀರು ನೆತ್ತಿಗೇರಿಸಿಕೊಂಡರು. ವಾರ್ತಾಕ ಅಂದರೆ ಬದನೆಕಾಯಿ. ಅದು ನಮ್ಮ ಎಣ್ಣೆಗಾಯಿ.

"ಭೂಚಣಕ ಚೂರ್ಣ" ಅಂದರೆ ಶೇಂಗಾ ಹಿಂಡಿ. ಇದು ಅವ್ವನಿಗೆ ಅಷ್ಟಾಗಿ ಸೇರಲಿಲ್ಲ. "ಚೂರ್ಣ ತಗೊಳ್ಳೂದು ಹೊಟ್ಟಿ ಕೆಟ್ಟಾಗ" ಅಂದಳು. ಕೆಳಗೆ ಕೆಂಪು ಖಾರಕ್ಕೆ "ರಕ್ತಮರೀಚ ಲೇಹ್ಯ" ಅಂತ ಇತ್ತು. ಚೂರ್ಣ ಆಯಿತು, ಲೇಹ್ಯ ಆಯಿತು, ಇನ್ನು ಕಷಾಯ ಒಂದು ಬಾಕಿ ಅಂತ ಚಿಗವ್ವ. ಗಿರ್ಮಿಟ್‌ಗೆ "ಲಾಜ ಮಿಶ್ರಣ". ಲಾಜ ಅಂದರೆ ಅರಳು, ಮದುವೆಯಲ್ಲಿ ಲಾಜಾಹೋಮ ಮಾಡುತ್ತಾರಲ್ಲ, ಆ ಲಾಜ. ಗಿರ್ಮಿಟ್‌ಗೆ ಹಾಕುವುದು ಚುರಮುರಿ, ಅರಳು ಅಲ್ಲ, ಹಾಗಾಗಿ ಹೆಸರು ದೊಡ್ಡದಾಯಿತು ಅಷ್ಟೇ ಅಲ್ಲ, ತಪ್ಪೂ ಆಯಿತು. ದುರ್ಗದಬೈಲ್‌ನಲ್ಲಿ ಸಂಜೆ ನಿಂತು "ಒಂದು ಗಿರ್ಮಿಟ್, ಎರಡು ಮಿರ್ಚಿ" ಅಂದರೆ ಸಾಕು, ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ. ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಳಿ ಗೊಜ್ಜು ಹಾಕಿ ಕಲಸಿದ್ದು ಅಂತ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನನಗೆ ಜಾಸ್ತಿ ನಗು ಬಂದಿದ್ದು "ಪಲಾಂಡು ಪತ್ರ ಸಂಗಮ"ಕ್ಕೆ. ಏನೋ ದೊಡ್ಡ ಪಲ್ಯ ಇರಬೇಕು ಅಂತ ಕೇಳಿದೆವು. ಬಂದಿದ್ದು ಹೆಚ್ಚಿದ ಉಳ್ಳಾಗಡ್ಡಿ, ನಾಲ್ಕು ಎಸಳು ಹಸಿ ಮೆಂತ್ಯ. ಅದು ರೊಟ್ಟಿ ಊಟದ ಜೊತೆ ಕೇಳದೇ ಕೊಡುವ ವಸ್ತು. ಇಲ್ಲಿ ಅದಕ್ಕೆ 60 ರೂಪಾಯಿ ಬೇರೆ. ಹೆಸರು ಗೊತ್ತಾಗಿದ್ದರೆ ಕೇಳುತ್ತಲೇ ಇರಲಿಲ್ಲ.

ಇಲ್ಲಿಯವರೆಗೆ ನಗು. ಆಮೇಲೆ ಒಂದು ಘಟನೆ ಆಯಿತು, ಅದಕ್ಕೆ ನನಗೆ ನಗಲು ಆಗಲಿಲ್ಲ. ಪಕ್ಕದ ಟೇಬಲ್‌ನಲ್ಲಿ ಒಬ್ಬ ಅಜ್ಜ, ಬಿಳಿ ಟೋಪಿ, ಧೋತರ, ಮೊಮ್ಮಕ್ಕಳ ಜೊತೆ ಬಂದಿದ್ದರು. ಊಟ ಮುಗಿಸಿ ಎದ್ದರು. ಬಲಗೈ ಬೆರಳಿಗೆಲ್ಲ ಎಣ್ಣೆಗಾಯಿಯ ಮಸಾಲೆ ಅಂಟಿತ್ತು, ಆ ಕೈಯನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ಎಡಗೈಯಲ್ಲಿ ಧೋತರದ ಚುಂಗು ಹಿಡಿದು, ಕೈ ತೊಳೆಯುವ ಜಾಗ ಹುಡುಕುತ್ತಿದ್ದರು. ಗೋಡೆ ಮೇಲೆ ಬೋರ್ಡ್ ಇತ್ತು: "ಹಸ್ತ ಪ್ರಕ್ಷಾಲನ ತಾಣ". ಅದರ ಮುಂದೆ ಎರಡು ಸಲ ಹಾದುಹೋದರು. ಓದಿದರು ಕೂಡ, ತುಟಿ ಅಲ್ಲಾಡಿದ್ದು ನಾನು ನೋಡಿದೆ. ಓದಿ ಮತ್ತೆ ಮುಂದೆ ಹೋದರು. ಅದು ತಮಗೆ ಸಂಬಂಧಪಟ್ಟದ್ದಲ್ಲ, ಯಾವುದೋ ಆಫೀಸ್ ಇರಬೇಕು ಅಂದುಕೊಂಡಿರಬೇಕು. ಆಗ ನಮ್ಮ ಟೇಬಲ್ ಹುಡುಗ ಕೈಯಲ್ಲಿದ್ದ ತಟ್ಟೆ ಹಾಗೇ ಇಟ್ಟು ಓಡಿ ಹೋಗಿ ಅಂದ, "ಅಜ್ಜಾರ, ಕೈ ತೊಳಿಯೂದು ಈ ಕಡೆ ಐತ್ರೀ, ಬರ್ರಿ." ಅಜ್ಜನ ಮುಖ ಅರಳಿತು. "ಹಂಗ ಬರದಿದ್ರ ಆಗ್ತಿತ್ತಲ್ಲೋ ತಮ್ಮಾ" ಅಂದರು.

ಆ ಹುಡುಗ ಅಲ್ಲಿವರೆಗೆ ಆಡಿದ ಎಲ್ಲ ಮಾತಿಗಿಂತ ಆ ಒಂದು ಮಾತು ನನಗೆ ಚೆಂದ ಅನಿಸಿತು.

ಅವನು ವಾಪಸ್ ಬಂದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು, "ಊರು ಯಾವುದಪ್ಪಾ?" ಕುಂದಗೋಳ ಹತ್ತಿರದ ಹಳ್ಳಿಯಂತೆ. "ಇವೆಲ್ಲಾ ಹೆಸರು ನಿನಗ ಹೆಂಗ ನೆನಪು ಇರ್ತಾವು?" ಹುಡುಗ ಅತ್ತ ಇತ್ತ ನೋಡಿ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ನೋಟ್‌ಬುಕ್ಕಿನ ಅರ್ಧ ಹಾಳೆ, ನಾಲ್ಕು ಮಡಿಕೆ, ಮಡಿಕೆಯ ಹತ್ತಿರ ಹರಿದು ಪ್ಲಾಸ್ಟಿಕ್ ಟೇಪ್ ಹಚ್ಚಿದ್ದಾನೆ. ಒಂದು ಮೂಲೆಯಲ್ಲಿ ಎಣ್ಣೆ ಕಲೆ. ಎಡಗಡೆ ನೀಲಿ ಬಾಲ್‌ಪೆನ್ನಿನಲ್ಲಿ ಮೆನುವಿನ ಹೆಸರು, ಬಲಗಡೆ ನಿಜವಾದ ಹೆಸರು. ಮುದ್ಗ ವ್ಯಂಜನ, ಹೆಸರುಕಾಳು ಪಲ್ಯ. ಚಣಕ ಪಿಷ್ಟ ಪಾಕ, ಜುಣಕ. ತಕ್ರ, ಮಜ್ಜಿಗಿ. ಗಿರಾಕಿ ಒಂದು ಹೆಸರು ಹೇಳಿದರೆ ಇವನು ಚೀಟಿ ನೋಡಿ ಅರ್ಥ ಮಾಡಿಕೊಂಡು ಒಳಗೆ ಹೋಗಿ ಇನ್ನೊಂದು ಹೆಸರು ಕೂಗಬೇಕು, ಯಾಕೆಂದರೆ ಅಡುಗೆಮನೆಯಲ್ಲಿ ಯಾರಿಗೂ ಈ ಮೆನು ಗೊತ್ತಿಲ್ಲ. "ಮೊದಲನೇ ವಾರ ತಕ್ರ ಅಂದ್ರ ಬೆಲ್ಲದ ನೀರು ಅಂತ ತಿಳಕೊಂಡು ಪಾನಕ ಕೊಟ್ಟಿದ್ದೆ ಅಕ್ಕಾರ" ಅಂದ. ಹೇಳುವಾಗ ಅವನಿಗೂ ನಗು.

ಆ ಚೀಟಿಯನ್ನೇ ಮೆನು ಮಾಡಿ ಪ್ರಿಂಟ್ ಹಾಕಿಸಿದ್ದರೆ ನಾನು ಈ ಹೋಟೆಲ್‌ಗೆ ಐದಕ್ಕೆ ಐದು ಕೊಡುತ್ತಿದ್ದೆ. ನಾವು ಚೀಟಿ ನೋಡಿಯೇ ಊಟ ಹೇಳಿದೆವು.

ಇನ್ನು ಊಟದ ಮಾತು. ರೊಟ್ಟಿ ಬಡಿಯುವ ಜಾಗ ಗಾಜಿನ ಆಚೆ ಕಾಣುವ ಹಾಗೆ ಇಟ್ಟಿದ್ದಾರೆ, ಇದು ಬಹಳ ಒಳ್ಳೆಯ ಕೆಲಸ. ಅಲ್ಲಿ ಒಬ್ಬ ಹೆಣ್ಣುಮಗಳು ಕೂತು ರೊಟ್ಟಿ ಬಡಿಯುತ್ತಿದ್ದರು. ಗೋಧಿಯಲ್ಲಿ ಇರುವ ಗ್ಲುಟನ್ ಜೋಳದಲ್ಲಿ ಇಲ್ಲ, ಹಾಗಾಗಿ ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುತ್ತಿರುವಾಗಲೇ ನಾದಬೇಕು. ಹಿಟ್ಟು ಹೊಸದಾಗಿ ಬೀಸಿದ್ದು ಇರಬೇಕು, ಹಳೆಯದಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಇವರ ರೊಟ್ಟಿಯ ಅಂಚಿನಲ್ಲಿ ಒಂದು ಬಿರುಕಿಲ್ಲ. ಎರಡೂ ಅಂಗೈಯಿಂದ ಬಡಿಯುತ್ತಾ ಬಡಿಯುತ್ತಾ ತಿರುಗಿಸುತ್ತಾರೆ, ಅಂಗೈ ಎರಡರಷ್ಟು ಅಗಲ ಆಗುತ್ತದೆ, ಎತ್ತಿ ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಮಗುಚಿ ಹಾಕಿದ ಮೇಲೆ ಪೂರಿಯ ಹಾಗೆ ಉಬ್ಬುತ್ತದೆ. ಅವ್ವ ಎದ್ದು ಹೋಗಿ ಗಾಜಿನ ಪಕ್ಕ ನಿಂತುಬಿಟ್ಟಳು.

"ಜ್ವಾಳ ಯಾವೂರದವ್ವಾ?" ಅಂತ ಶುರುವಾದ ಮಾತು ಹತ್ತು ನಿಮಿಷ ನಡೆಯಿತು. ಆ ಹೆಣ್ಣುಮಗಳು ಬ್ಯಾಡಗಿ ಕಡೆಯವರು. ಚಿಗವ್ವನೂ ಹೋದಳು. ಕೆಂಪು ಖಾರಕ್ಕೆ ಹಾಕಿದ್ದು ಡಬ್ಬಿ ಮೆಣಸಿನಕಾಯಿನೋ ಕಡ್ಡಿ ಮೆಣಸಿನಕಾಯಿನೋ ಅಂತ ಅವಳ ಪ್ರಶ್ನೆ. "ಡಬ್ಬೀನ ಹಾಕೂದ್ರೀ, ಬಣ್ಣ ನೋಡ್ರಿ" ಅಂತ ಉತ್ತರ.

ಅದೊಂದು ಮಾತಿನಲ್ಲಿ ಎಷ್ಟು ವಿಷಯ ಇದೆ ನೋಡಿ. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು. ಬ್ಯಾಡಗಿ ಮೆಣಸಿನಕಾಯಿ ಅಂದರೆ ಕಡು ಕೆಂಪು ಬಣ್ಣ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು, ಅಂದರೆ ಆ ಹೆಸರಿಗೇ ಕಾನೂನಿನ ರಕ್ಷಣೆ ಇದೆ. ಅಂಥ ಹೆಸರನ್ನು ಬಿಟ್ಟು ಇವರು "ರಕ್ತಮರೀಚ" ಅಂತ ಬರೆದಿದ್ದಾರೆ. ಮರೀಚ ಅಂದರೆ ಕಾಳುಮೆಣಸು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಸುಮಾರು 500 ವರ್ಷದ ಈಚಿನ ಮಾತು, ಹಳೆಯ ಸಂಸ್ಕೃತದಲ್ಲಿ ಅದಕ್ಕೆ ಹೆಸರು ಎಲ್ಲಿಂದ ಬರಬೇಕು? ಶೇಂಗಾದ ಕಥೆಯೂ ಅದೇ, ಅದೂ ದಕ್ಷಿಣ ಅಮೆರಿಕದ ಬೆಳೆ. ಕಾಳುಮೆಣಸು ಆಗದವರು ಇದನ್ನು ಓದಿ ಕೆಂಪು ಖಾರ ಬಿಡುತ್ತಾರೆ. ಅದನ್ನು ಬಿಟ್ಟರೆ ಈ ಊಟದಲ್ಲಿ ಅರ್ಧ ರುಚಿ ಬಿಟ್ಟ ಹಾಗೆ, ಯಾಕೆಂದರೆ ಆ ಖಾರ ನಿಜಕ್ಕೂ ಅದ್ಭುತ. ಬೆಳ್ಳುಳ್ಳಿ ಜಾಸ್ತಿ, ಉಪ್ಪು ಹದ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಇದನ್ನು ಸವರಿಕೊಂಡು ತಿಂದರೆ ಬೇರೆ ಪಲ್ಯ ಬೇಡ.

ಎಣ್ಣೆಗಾಯಿಯ ಬದನೆಕಾಯಿ ಚಿಕ್ಕದು, ತೊಟ್ಟು ಬಿಟ್ಟಿರಲಿಲ್ಲ, ಗುರೆಳ್ಳು ಶೇಂಗಾ ಸರಿಯಾಗಿ ಹುರಿದಿದ್ದರು. ಜುಣಕ ಸ್ವಲ್ಪ ಗಟ್ಟಿ. ಮಜ್ಜಿಗೆ ಚೆನ್ನಾಗಿದೆ. ಅನ್ನ ಸಾರು ಸಾಧಾರಣ. ಗೋಧಿ ಹುಗ್ಗಿಗೆ ತುಪ್ಪ ಇನ್ನೂ ಬೇಕಿತ್ತು.

ಅವ್ವ ವಾಪಸ್ ಬಂದು ಒಂದು ಮಾತು ಹೇಳಿದಳು. ಆ ಹೆಣ್ಣುಮಗಳಿಗೆ ಓದಲು ಅಷ್ಟಾಗಿ ಬರುವುದಿಲ್ಲವಂತೆ, "ನನ್ನ ರೊಟ್ಟಿಗೆ ಏನೋ ಹೆಸರು ಇಟ್ಟಾರಂತಲ್ರೀ, ಏನ್ ಇಟ್ಟಾರ?" ಅಂತ ಅವ್ವನನ್ನು ಕೇಳಿದರಂತೆ. ಅವ್ವನಿಗೆ ಆ ಹೆಸರು ಹೇಳಲು ಬಾಯಿ ತಿರುಗಲಿಲ್ಲ. "ರೊಟ್ಟಿನ ಅಂತ ಇಟ್ಟಾರವ್ವ" ಅಂತ ಹೇಳಿ ಬಂದಳಂತೆ.

ಇದನ್ನು ಕೇಳಿ ನನಗೆ ಬೇಜಾರಾಯಿತು. ಬಿಲ್ ಕೊಡುವಾಗ ಮಾಲೀಕರ ಜೊತೆ ಮಾತಾಡಿದೆ. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. ಅವರು ಹೇಳಿದ್ದು ಇಷ್ಟು: "ಮೇಡಂ, ಮೆನುವಿನಲ್ಲಿ ಜೋಳದ ರೊಟ್ಟಿ ಊಟ ಅಂತ ಬರೆದರೆ 340 ರೂಪಾಯಿ ಯಾರು ಕೊಡ್ತಾರೆ? ಖಾನಾವಳಿಯಲ್ಲಿ ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತೆ ಅಂತಾರೆ. ಅದಕ್ಕೇ ಹೆರಿಟೇಜ್ ಯಾವನಾಳ ಥಾಲಿ ಅಂತ ಇಟ್ಟಿದ್ದು. ಹೊರಗಿನವರು ಮೆನು ಫೋಟೋ ತೆಗೆದುಕೊಂಡು ಹೋಗ್ತಾರೆ."

ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಎಸಿ ಇದೆ, ಬಾಡಿಗೆ ಇದೆ, ಕೆಲಸದವರ ಸಂಬಳ ಇದೆ. ಆದರೆ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಈ ಭಾಗದ ಜನಕ್ಕೆ ಒಂದು ರೊಟ್ಟಿಗೆ ಎಷ್ಟು ಕೆಲಸ ಅಂತ ಗೊತ್ತಿದೆ. ಮನೆಯಲ್ಲಿ ಅಜ್ಜಿ, ಅವ್ವ, ವೈನಿ ಬೆರಳು ಸುಟ್ಟುಕೊಂಡಿದ್ದನ್ನು ನೋಡಿಯೇ ಎಲ್ಲರೂ ಬೆಳೆದಿದ್ದೇವೆ. ಗಾಜಿನ ಆಚೆ ಆ ಕೈ ಕಾಣುತ್ತಿದೆ, ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದೆ, ಅದರ ವಾಸನೆ ಟೇಬಲ್‌ವರೆಗೂ ಬರುತ್ತಿದೆ. ಇದನ್ನು ನೋಡಿ ದುಡ್ಡು ಕೊಡದವನು ಯಾವನಾಳ ಅಂದರೆ ಕೊಡುತ್ತಾನಾ? ಕೊಟ್ಟರೂ ಒಂದು ಸಲ ಕೊಡುತ್ತಾನೆ. ಪಲಾಂಡು ಪತ್ರ ಸಂಗಮ ಅಂತ ಕೇಳಿ ಉಳ್ಳಾಗಡ್ಡಿ ಬಂದವನು ಎರಡನೇ ಸಲ ಬರುವುದು ಕಷ್ಟ.

ಅಪ್ಪ ಅಲ್ಲೇ ನಿಂತಿದ್ದರು. ಅವರಿಗೆ ಸಂಸ್ಕೃತದ ಮೇಲೆ ಏನೂ ಸಿಟ್ಟಿಲ್ಲ, ಎಷ್ಟೋ ಶ್ಲೋಕ ಬಾಯಿಗೆ ಬರುತ್ತವೆ. ಮಾಲೀಕರಿಗೆ ಒಂದು ವಿಷಯ ಹೇಳಿದರು. ಗದಗ ಹತ್ತಿರ ಮುಳಗುಂದ ಇದೆಯಲ್ಲ, ಅಲ್ಲಿ ನಯಸೇನ ಅಂತ ಕವಿ ಇದ್ದ. 1112ರ ಹೊತ್ತಿನಲ್ಲೇ ಅವನು ಈ ಜಗಳ ತೆಗೆದಿದ್ದ. ಸಂಸ್ಕೃತ ಬೇಕಾದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಿ, ಒಳ್ಳೆಯ ಕನ್ನಡದೊಳಗೆ ತಂದು ಸುರಿಯಬೇಡಿ, ತುಪ್ಪಕ್ಕೂ ಎಣ್ಣೆಗೂ ಬೆರಕೆ ಮಾಡಿದರೆ ಹೊಂದುತ್ತದಾ ಅಂತ ಕೇಳಿದ್ದ. "ನೀವು ಅಡಿಗಿ ಮಾಡೋ ಮಂದಿ, ತುಪ್ಪ ಎಣ್ಣಿ ಕೂಡಿಸಬಾರದು ಅನ್ನೂದು ನಿಮಗ ನಾ ಹೇಳಬೇಕೇನ್ರಿ? ನಿಮ್ಮ ಮೆನುವಿನ್ಯಾಗ ಹೆರಿಟೇಜ್ ಇಂಗ್ಲಿಷು, ಯಾವನಾಳ ಸಂಸ್ಕೃತ, ಥಾಲಿ ಹಿಂದಿ. ಮೂರು ಎಣ್ಣಿ ಆದವು, ತುಪ್ಪ ಎಲ್ಲೈತಿ?" ಅಂದರು. ಮಾಲೀಕರು ಮನಸಾರೆ ನಕ್ಕರು. ಮುಳಗುಂದ ಅವರ ಹೆಂಡತಿಯ ತವರಂತೆ!

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಬೇರೆ ಭಾಷೆಯ ಶಬ್ದವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅನ್ನ ಸಂಸ್ಕೃತದಿಂದ ಬಂದದ್ದು, ಬಟಾಟಿ ಪೋರ್ಚುಗೀಸರಿಂದ ಬಂದದ್ದು, ಹೋಟೆಲ್, ಬಿಲ್, ಪಾರ್ಸೆಲ್ ಇಂಗ್ಲಿಷಿನವು. ಹಸಿದಾಗ ತಾನಾಗಿಯೇ ಬಾಯಿಗೆ ಬರುತ್ತವೆ, ಹಾಗಾಗಿ ಅವು ನಮ್ಮವೇ. "ಪಾರ್ಸೆಲ್ ಕೊಡ್ರಿ" ಅಂದರೆ ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ? ಹಸಿದವನ ಬಾಯಿಗೆ ಬಾರದ ಹೆಸರು ಮೆನುವಿನಲ್ಲಿ ಯಾಕೆ ಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಸ್ಟೇಷನ್ ರೋಡ್ ಕಡೆ ನಾವು ಯಾವಾಗಲೂ ಹೋಗುವ ಖಾನಾವಳಿ ಒಂದಿದೆ. ಅಲ್ಲಿ ಮೆನುವೇ ಇಲ್ಲ. ಕೂತರೆ ಒಂದೇ ಪ್ರಶ್ನೆ, "ಬಿಸೀದೋ ಕಡಕೋ?" ಅಷ್ಟಕ್ಕೆ ಊಟ ಶುರು. ಆಮೇಲೆ ಬುಟ್ಟಿ ಹಿಡಿದುಕೊಂಡು "ರೊಟ್ಟಿ ಹಾಕ್ಲ್ಯಾ, ಪಲ್ಯ ಹಾಕ್ಲ್ಯಾ" ಅಂತ ಬರುತ್ತಾರೆ. ಆ ಮೂರು ನಾಲ್ಕು ಮಾತಿನಲ್ಲಿ ಇರುವ ಪ್ರೀತಿ "ಪುನೀತವಾಯಿತು" ಅನ್ನುವುದರಲ್ಲಿ ನನಗೆ ಸಿಗಲಿಲ್ಲ.

ಮಾಲೀಕರು ಕೈ ತೊಳೆಯುವ ಬೋರ್ಡ್ ಮಾತ್ರ ಈ ವಾರವೇ ಬದಲಾಯಿಸುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಮೆನು ಬಗ್ಗೆ "ವಿಚಾರ ಮಾಡ್ತೀನಿ" ಅಂದರು. ಮೆನು ಐನೂರು ಪ್ರಿಂಟ್ ಹಾಕಿಸಿಬಿಟ್ಟಿದ್ದಾರಂತೆ.

ಅಲ್ಲಿವರೆಗೆ ಹೋಗುವವರಿಗೆ ಹೇಳುವುದು ಇಷ್ಟು. ಭಾನುವಾರ ಆದರೆ 1 ಗಂಟೆಯೊಳಗೆ ಹೋಗಿ, ಆಮೇಲೆ ಬಿಸಿ ರೊಟ್ಟಿಗೆ ಕಾಯಬೇಕಾಗುತ್ತದೆ. ಗಾಜಿನ ಪಕ್ಕದ ಟೇಬಲ್ ಸಿಕ್ಕರೆ ಬಿಡಬೇಡಿ. ಉಳ್ಳಾಗಡ್ಡಿಯನ್ನು ಬೇರೆಯಾಗಿ ಕೇಳಬೇಡಿ, ಕುಂದಗೋಳದ ಹುಡುಗನಿಗೆ ಹೇಳಿದರೆ ಊಟದ ಜೊತೆ ಎರಡು ಹೋಳು ಸುಮ್ನೆ ತಂದು ಇಡುತ್ತಾನೆ. ಮೆನು ಮುಚ್ಚಿಟ್ಟು "ಬಿಸಿ ರೊಟ್ಟಿ ಎರಡು, ಕಡಕ್ ಒಂದು, ಎಣ್ಣೆಗಾಯಿ, ಕೆಂಪು ಖಾರ, ಬೆಣ್ಣೆ" ಅನ್ನಿ. ಅವನು ಪೇಟ ಸರಿಮಾಡಿಕೊಂಡು "ಹೂನ್ರೀ, ತಂದೆ" ಅಂತ ಓಡುತ್ತಾನೆ.